ಆಸ್ಪತ್ರೆಗೆ ಬಾರದವರ ಲೆಕ್ಕ

ಆಸ್ಪತ್ರೆಯ ರಿಜಿಸ್ಟರ್‌ನಲ್ಲಿ ಸಿಗುವುದು ಬಂದವರ ಹೆಸರು ಮಾತ್ರ. ಊರಲ್ಲೇ ಕೆಮ್ಮುತ್ತಾ ಉಳಿದವರು ಎಷ್ಟು ಮಂದಿ ಎಂಬುದು ಅದರಿಂದ ತಿಳಿಯುವುದಿಲ್ಲ. ಕ್ಷಯ ಪಟ್ಟಣದವರ ಕಾಯಿಲೆ ಎಂದು ನಮ್ಮಲ್ಲಿ ಬಹುಕಾಲ ನಂಬಿದ್ದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1955ರಿಂದ 1958ರವರೆಗೆ ನಡೆಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಹಳ್ಳಿಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಕ್ಷಯ ಕಂಡಿತು.

ಹಾಗಾದರೆ ಅಷ್ಟು ಹಳ್ಳಿಗಳ ರೋಗಿಗಳನ್ನು ಹುಡುಕುವುದು ಹೇಗೆ? 1959ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಉತ್ತರಕ್ಕಾಗಿ ತುಮಕೂರು ಜಿಲ್ಲೆಗೆ ಹೋಯಿತು. ಸಮೀಕ್ಷೆಯ ಹಳ್ಳಿಗಳನ್ನು ಆರಿಸಿದ್ದು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ. ಜೀಪು ಸುಲಭವಾಗಿ ಹೋಗುವ ಊರುಗಳನ್ನಷ್ಟೇ ಹಿಡಿದರೆ ರಸ್ತೆ ಬದಿಯ ಜನರ ಆರೋಗ್ಯವೇ ಜಿಲ್ಲೆಯ ಆರೋಗ್ಯವೆಂದು ಬರೆದುಕೊಂಡು ಬರಬೇಕಾಗುತ್ತದೆ. ಜೈವಿಕ ಸಂಖ್ಯಾಶಾಸ್ತ್ರ, ಅಂದರೆ ರೋಗ-ಆರೋಗ್ಯಗಳನ್ನು ಅಂಕಿಅಂಶಗಳಲ್ಲಿ ಅಳೆಯುವ ಶಾಸ್ತ್ರ, ಅದರ ಕೆಲಸ ಶುರುವಾಗುವುದು ಇಲ್ಲಿಂದಲೇ. ಸೂತ್ರಗಳು ಆಮೇಲಿನ ಮಾತು.

ಹೀಗೆ ಪತ್ತೆಯಾದ ರೋಗಿಗಳನ್ನು ಸಂಸ್ಥೆಯಲ್ಲಿದ್ದ ಸಂಶೋಧಕರಾದ ದೇಬಬರ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರ ಅಧ್ಯಯನ ತಂಡ ಮಾತಾಡಿಸಿತು. ಏನು ತೊಂದರೆಯಿತ್ತು, ಅದಕ್ಕೆ ಏನು ಮಾಡಿದಿರಿ ಎಂದು ಕೇಳಿತು. ಕೆಮ್ಮು ಯಾರಿಗೂ ಬರಬಹುದಲ್ಲ, ಅದಕ್ಕೇ ಕ್ಷಯವಿಲ್ಲದವರನ್ನೂ ಹೋಲಿಕೆಗೆಂದು ಮಾತಾಡಿಸಲಾಯಿತು. 1963ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಓದಿದಾಗ ಈಗಲೂ ಮನಸ್ಸು ಕಲಕುತ್ತದೆ. ಕಫದಲ್ಲಿ ಕ್ಷಯದ ರೋಗಾಣು ಇದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಅದಾಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಸಾಮಾನ್ಯವಾಗಿ ಅವರ ಕೈಗೆ ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳಿಸಲಾಗಿತ್ತು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಅವರು ಬರುವುದಿಲ್ಲ ಎಂಬ ದೂರು ಇಲ್ಲಿ ಬಿದ್ದುಹೋಯಿತು. ರೋಗಿ ಬಂದಿದ್ದ, ಕಫ ಪರೀಕ್ಷೆ ಆಗಿರಲಿಲ್ಲ.

ಈ ಕಾಣ್ಕೆ ವ್ಯರ್ಥವಾಗಲಿಲ್ಲ, ಅಚ್ಚಾಗುವ ಮೊದಲೇ ಕೆಲಸಕ್ಕೆ ಬಂತು. 1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ, ಕೆಮ್ಮೆಂದು ತಾವಾಗಿ ಬಂದವರ ಕಫವನ್ನು ಸಾಮಾನ್ಯ ಆರೋಗ್ಯ ಕೇಂದ್ರದಲ್ಲೇ ಸೂಕ್ಷ್ಮದರ್ಶಕದಡಿ ನೋಡುವ ದಾರಿ ಹಿಡಿಯಿತು.

ಅದೇ ಸಂಸ್ಥೆ 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 3 ತಾಲ್ಲೂಕುಗಳ 119 ಹಳ್ಳಿಗಳಿಗೆ ಮತ್ತೆ ಮತ್ತೆ ಹೋಯಿತು. ಆ ಭಾಗದಲ್ಲಿ ಆಗ ವ್ಯವಸ್ಥಿತ ಚಿಕಿತ್ಸೆ ಇರಲಿಲ್ಲ. ಮೊದಲ ಸುತ್ತಿನಲ್ಲಿ ಕಫದಲ್ಲಿ ರೋಗಾಣು ಕಂಡವರಲ್ಲಿ ಐದು ವರ್ಷದೊಳಗೆ ನೂರಕ್ಕೆ 49 ಮಂದಿ ತೀರಿಕೊಂಡಿದ್ದರು. 32 ಮಂದಿಯ ಕಫದಲ್ಲಿ ರೋಗಾಣು ಇಲ್ಲವಾಗಿತ್ತು. 18 ಮಂದಿ ಇನ್ನೂ ರೋಗ ಹರಡಬಲ್ಲವರಾಗಿಯೇ ಉಳಿದಿದ್ದರು. ಮನೆ ಮನೆಯ ಪಟ್ಟಿ ಇದ್ದದ್ದರಿಂದಲೇ ಆ ಸಾವುಗಳು ಲೆಕ್ಕಕ್ಕೆ ಸಿಕ್ಕವು. ಆಸ್ಪತ್ರೆಯ ರಿಜಿಸ್ಟರನ್ನೇ ನಂಬಿದ್ದರೆ ಅವರಲ್ಲಿ ಎಷ್ಟೋ ಮಂದಿಯ ಸುಳಿವೇ ಸಿಗುತ್ತಿರಲಿಲ್ಲ.

ಜಿಲ್ಲಾ ಕ್ಷಯ ಕೇಂದ್ರಗಳ ತಂಡಗಳು ತರಬೇತಿಗೆ ಬರುತ್ತಿದ್ದುದು ಇದೇ ಸಂಸ್ಥೆಗೆ. ಒಂದು ತಂಡದಲ್ಲಿ ವೈದ್ಯಾಧಿಕಾರಿ, ಪ್ರಯೋಗಾಲಯದ ತಂತ್ರಜ್ಞ, ಎಕ್ಸ್‌ರೇ ತಂತ್ರಜ್ಞರ ಜೊತೆ ಒಬ್ಬ ಸಂಖ್ಯಾ ಸಹಾಯಕನೂ ಇರುತ್ತಿದ್ದ. ಆ ಹುದ್ದೆಯನ್ನು ಸೇರಿಸಿದವರ ದೂರದೃಷ್ಟಿ ದೊಡ್ಡದು. ಕೆಮ್ಮೆಂದು ಬಂದವರೆಷ್ಟು, ಅವರಲ್ಲಿ ಕಫ ಪರೀಕ್ಷೆಯಾದದ್ದು ಎಷ್ಟು ಮಂದಿಗೆ, ಚಿಕಿತ್ಸೆ ಶುರುಮಾಡಿ ನಡುವೆ ಬಿಟ್ಟವರೆಷ್ಟು ಎಂದು ಪ್ರತಿ ಕೇಂದ್ರದ ವರದಿಯನ್ನು ನೋಡಬೇಕಲ್ಲ. ಸಾರ್ವಜನಿಕ ಆರೋಗ್ಯ ಓದುವ ಇಂದಿನ ವಿದ್ಯಾರ್ಥಿಗಳಿಗೂ ಪಿ-ಮೌಲ್ಯಕ್ಕಿಂತ (ನಿಜವಾದ ವ್ಯತ್ಯಾಸವಿಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ವ್ಯತ್ಯಾಸ ಕಾಣುವ ಸಾಧ್ಯತೆಯನ್ನು ಹೇಳುವ ಸಂಖ್ಯೆ) ಮೊದಲು ಇಂಥದೊಂದು ವರದಿಯನ್ನು ಕೈಗೆ ಕೊಟ್ಟು, ಇದರಲ್ಲಿ ಯಾರು ಬಿಟ್ಟುಹೋಗಿದ್ದಾರೆ ಹುಡುಕಿ ಎನ್ನಬೇಕು.