ಕ್ಯಾಮೆರಾ ಬದಲಿಸುವ ಮುಂಚೆ ಗಡಿಯಾರ ನೋಡಿ

ಅಡಿಕೆ ತೋಟದಲ್ಲಿ ತಾನೇ ದಾರಿ ನೋಡಿಕೊಂಡು ಓಡುವ ರೋಬೋಟ್ ಕಟ್ಟುವವರ ದೂರು ಹೆಚ್ಚಾಗಿ ಒಂದೇ: ‘ಸರ್, ಲ್ಯಾಬ್‌ನಲ್ಲಿ ಸರಿ ಇತ್ತು, ತೋಟದಲ್ಲಿ ತಿರುಗುವಾಗ ಮರಕ್ಕೆ ಗುದ್ದುತ್ತದೆ. ಇನ್ನೂ ಒಳ್ಳೆಯ ಕ್ಯಾಮೆರಾ ಬೇಕು.’ ಬೇಡ. ಸಾಮಾನ್ಯವಾಗಿ ಕ್ಯಾಮೆರಾ ಚೆನ್ನಾಗಿಯೇ ಇರುತ್ತದೆ. ಕ್ಯಾಮೆರಾ ಒಂದು ಕ್ಷಣವನ್ನೂ, ಲೇಸರ್ ಬೀರಿ ದೂರ ಅಳೆಯುವ ಲೈಡಾರ್ ಇನ್ನೊಂದು ಕ್ಷಣವನ್ನೂ ನೋಡಿರುತ್ತವೆ, ಅಷ್ಟೆ.

ಲೆಕ್ಕ ಹಾಕಿ. ರೋಬೋಟ್ ಸೆಕೆಂಡಿಗೆ 30 ಡಿಗ್ರಿ ತಿರುಗುತ್ತಿದೆ, ಎರಡರ ನಡುವೆ 50 ಮಿಲಿಸೆಕೆಂಡ್ ವ್ಯತ್ಯಾಸವಿದೆ. ಅಷ್ಟರಲ್ಲಿ ಅದು 1.5 ಡಿಗ್ರಿ ತಿರುಗಿಬಿಡುತ್ತದೆ. 5 ಮೀಟರ್ ದೂರದಲ್ಲಿ ಅದು ಸುಮಾರು 13 ಸೆಂಟಿಮೀಟರ್. ಅಡಿಕೆ ಮರದ ಕಾಂಡದ ದಪ್ಪವೇ ಹೆಚ್ಚುಕಡಿಮೆ ಅಷ್ಟು. ಕ್ಯಾಮೆರಾ ಮರ ಎಂದು ಗುರುತಿಸಿದ ಜಾಗಕ್ಕೆ ಹಿಂದಿನ ಸಾಲಿನ ಮರದ ದೂರ ಅಂಟಿಕೊಳ್ಳುತ್ತದೆ. ಸಾಲುಗಳ ಅಂತರ 2.7 ಮೀಟರ್. ಮರ ಇನ್ನೂ ಅಷ್ಟು ದೂರದಲ್ಲಿದೆ ಎಂದುಕೊಂಡು ರೋಬೋಟ್ ನುಗ್ಗುತ್ತದೆ.

‘ಆರ್‌ಒಎಸ್‌ನಲ್ಲಿ ಸಿಂಕ್ರೊನೈಸರ್ ಹಾಕಿದ್ದೇವಲ್ಲ’ ಎನ್ನುತ್ತಾರೆ. ಎಷ್ಟು ಸಲ ಹೇಳಿದರೂ ಇದೇ ಮಾತು! ರೋಬೋಟ್ ತಂತ್ರಾಂಶವಾದ ಆರ್‌ಒಎಸ್‌ನ ಈ ಭಾಗ, ಪ್ರತಿ ಚಿತ್ರಕ್ಕೂ ಅಳತೆಗೂ ಹಚ್ಚಿದ ಸಮಯದ ಮುದ್ರೆಗಳಲ್ಲಿ ಹತ್ತಿರದವನ್ನು ಜೋಡಿ ಮಾಡುತ್ತದೆ. ಮುದ್ರೆಯೇ ತಪ್ಪಿದ್ದರೆ ತಿದ್ದುವುದಿಲ್ಲ. ಕ್ಯಾಮೆರಾ ನಡೆಸುವ ಅನೇಕ ಡ್ರೈವರ್ ತಂತ್ರಾಂಶಗಳು ಚಿತ್ರ ಕಂಪ್ಯೂಟರಿಗೆ ಬಂದು ತಲುಪಿದ ಹೊತ್ತನ್ನು ಮುದ್ರಿಸುತ್ತವೆ. ಬೇಕಾದದ್ದು ಸೆನ್ಸರ್ ಬೆಳಕು ಹಿಡಿದ ಹೊತ್ತು, ಅದೂ ಎಕ್ಸ್‌ಪೋಶರ್‌ನ, ಅಂದರೆ ಬೆಳಕು ಹಿಡಿಯುವ ಅವಧಿಯ, ನಡುಭಾಗ. ಯುಎಸ್‌ಬಿಯಲ್ಲಿ ಆಗುವ ವಿಳಂಬ ಸಿಪಿಯು ಹೊರೆಯ ಜೊತೆ ಏರಿಳಿಯುತ್ತದೆ, ಹಾಗಾಗಿ ಒಂದು ಸ್ಥಿರ ಸಂಖ್ಯೆ ಕಳೆದರೆ ಸಾಲದು. ಮಳೆಗಾಲದ ಆಟಿ ತಿಂಗಳ ಮೋಡದಲ್ಲಿ ತೋಟದೊಳಗೆ ಇನ್ನೊಂದು ತೊಡಕಿದೆ. ಬಿಸಿಲಿನಲ್ಲಿ 1 ಮಿಲಿಸೆಕೆಂಡ್ ಇದ್ದ ಆಟೋ ಎಕ್ಸ್‌ಪೋಶರ್ ಅಲ್ಲಿ 20ಕ್ಕೆ ಏರಬಹುದು. ಆಗ ನಡುಭಾಗವೇ ಸುಮಾರು 10 ಮಿಲಿಸೆಕೆಂಡ್ ಸರಿದಿರುತ್ತದೆ. ಲೈಡಾರ್ ಕೂಡ 10 ಹರ್ಟ್ಜ್‌ನಲ್ಲಿ ಒಂದು ಸುತ್ತು ಮುಗಿಸಲು 100 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಇಡೀ ಸುತ್ತಿಗೆ ಒಂದೇ ಸಮಯ ಕೊಡದೆ ಪ್ರತಿ ಬಿಂದುವಿನ ಸಮಯವನ್ನು ಬಳಸಬೇಕು.

ಪರೀಕ್ಷೆ ಸುಲಭ. ಒಂದು ಕಾಂಡದ ಎದುರು ರೋಬೋಟ್ ನಿಲ್ಲಿಸಿ, ಲೈಡಾರ್ ಬಿಂದುಗಳನ್ನು ಚಿತ್ರದ ಮೇಲೆ ಬಿಡಿಸಿ. ನಿಂತಾಗಲೇ ಬಿಂದುಗಳು ಪಕ್ಕಕ್ಕಿದ್ದು, ಯಾವ ಕಡೆ ತಿರುಗಿದರೂ ಅಲ್ಲೇ ಉಳಿದರೆ ಎರಡು ಸೆನ್ಸರ್‌ಗಳ ಜೋಡಣೆಯ ಅಳತೆ ತಪ್ಪಿದೆ. ನಿಂತಾಗ ಸರಿಯಿದ್ದು, ಎಡಕ್ಕೆ ತಿರುಗಿದಾಗ ಒಂದು ಕಡೆಗೂ ಬಲಕ್ಕೆ ತಿರುಗಿದಾಗ ಇನ್ನೊಂದು ಕಡೆಗೂ ಜಾರಿದರೆ ಸಮಯವನ್ನೇ ಅನುಮಾನಿಸಿ. ಲ್ಯಾಬ್‌ನಲ್ಲಿ ನಿಧಾನವಾಗಿ, ನೇರವಾಗಿ ಓಡಿಸಿದರೆ ಈ ದೋಷ ಕಾಣಿಸುವುದೇ ಇಲ್ಲ.

ಪರಿಹಾರಕ್ಕೆ ಲೈಡಾರ್, ಕ್ಯಾಮೆರಾ ಎರಡೂ ಐಇಇಇ 1588 ಪಿಟಿಪಿ (ಜಾಲದ ಮೂಲಕ ಗಡಿಯಾರಗಳನ್ನು ಹೊಂದಿಸುವ ವಿಧಾನ) ಬೆಂಬಲಿಸುವಂತಿರಲಿ. ರೋಬೋಟ್‌ನ ಕಂಪ್ಯೂಟರೇ ಎಲ್ಲಕ್ಕೂ ಸಮಯ ಕೊಡುವ ಮಾಸ್ಟರ್ ಆಗಲಿ. ಸೋಗೆಗಳ ಅಡಿಯಲ್ಲಿ ಜಿಪಿಎಸ್ ಕೈಕೊಡುವುದರಿಂದ ಅದು ಸೆಕೆಂಡಿಗೊಮ್ಮೆ ಕೊಡುವ ಮಿಡಿತ, ಪಿಪಿಎಸ್ ಒಂದನ್ನೇ ನಂಬಬೇಡಿ. ಸೆನ್ಸರ್‌ಗಳು ತಮ್ಮೊಳಗೆ ಒಪ್ಪಿದರೆ ಸಾಕು, ಲೋಕದ ಗಡಿಯಾರಕ್ಕೆ ಹೊಂದಬೇಕಿಲ್ಲ. ಪಿಟಿಪಿ ಇಲ್ಲದ ಕ್ಯಾಮೆರಾಗೆ ಮೈಕ್ರೊಕಂಟ್ರೋಲರ್‌ನಿಂದ ಚಿತ್ರ ತೆಗೆಯುವ ಕ್ಷಣವನ್ನು ಹೇಳುವ ಟ್ರಿಗರ್ ತಂತಿ ಎಳೆಯಿರಿ. ಎಕ್ಸ್‌ಪೋಶರ್‌ಗೆ 10 ಮಿಲಿಸೆಕೆಂಡಿನ ಮಿತಿ ಹಾಕಿ, ಕಡಿಮೆ ಬಿದ್ದ ಬೆಳಕಿಗೆ ಗೇನ್ (ಸಂಕೇತದ ವರ್ಧನೆ) ಏರಿಸಿ. ಚಿತ್ರ ಸ್ವಲ್ಪ ತರಿತರಿಯಾದರೂ ತೊಂದರೆಯಿಲ್ಲ. ಮಳೆಹನಿಯ ಸುಳ್ಳು ಬಿಂದುಗಳು, ಗಾಜಿನ ಮೇಲೆ ಕೂರುವ ಮಂಜು ಇವೆಲ್ಲ ಬೇರೆಯೇ ರೋಗಗಳು. ಅವಕ್ಕೆ ಮದ್ದು ಹುಡುಕುವ ಮುನ್ನ ತಿರುಗಿಸುವ ಪರೀಕ್ಷೆಯೊಂದನ್ನು ಮಾಡಿ ನೋಡಿ, ಡ್ರೈವರ್ ಅಪ್‌ಡೇಟ್ ಆದ ಮೇಲೆ ಮತ್ತೊಮ್ಮೆ ಕೂಡ.