ಹೂಮಳೆ ಬಂದ್ರೆ ಫಸಲು ಬಂದ ಹಾಗಾ?

2024ರ ಅಕ್ಟೋಬರ್‌ನಲ್ಲಿ ಹೊಸ ದೊಡ್ಡ ಅವಿಭಾಜ್ಯ ಸಂಖ್ಯೆ ಸಿಕ್ಕಿದ ಸುದ್ದಿ ಬಂತಲ್ಲ, ಅವತ್ತಿನಿಂದ ಚಿಕ್ಕಮಗಳೂರಿನ ನಮ್ಮ ಮನೆ ಜಗುಲಿಗೆ ಯಾರಾದರೊಬ್ಬರು ನೋಟ್‌ಬುಕ್ ಹಿಡಿದು ಬರುತ್ತಲೇ ಇರುತ್ತಾರೆ. "ಸಾರ್, ಅದಕ್ಕಿಂತ ದೊಡ್ಡದು ನಾನು ಕಂಡುಹಿಡಿದೆ."

ಏನು ಬರೆದಿದ್ದಾರೆ ಅಂತ ನೋಡದೇ ಹೇಳಬಲ್ಲೆ. ಆ ಸಂಖ್ಯೆ 2ಕ್ಕೆ 13,62,79,841 ಘಾತ ಹಾಕಿ 1 ಕಳೆದದ್ದು. ಬಿಡಿಸಿ ಬರೆದರೆ 4,10,24,320 ಅಂಕಿ. ಇವರು ಆ ಇಡೀ ಸಂಖ್ಯೆಯನ್ನೇ ಎತ್ತಿ ಮತ್ತೆ 2ರ ತಲೆ ಮೇಲೆ ಕೂರಿಸಿ 1 ಕಳೆದಿರುತ್ತಾರೆ. ಘಾತ ಅವಿಭಾಜ್ಯವಾದರೆ ಉತ್ತರವೂ ಅವಿಭಾಜ್ಯ ಅನ್ನೋದು ಇವರ ಲೆಕ್ಕ. ಮುಗೀತು, ದಾಖಲೆ!

ಆಲ್ದೂರು ಕಡೆಯ ಒಬ್ಬ ಪಿಯುಸಿ ಹುಡುಗ ಅಪ್ಪನ ಜೀಪಲ್ಲಿ ಬಂದಿದ್ದ. ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂಮಳೆ ಬಿದ್ದು ವಾರ ಕಳೆದಿತ್ತು, ಇಬ್ಬರ ಬಟ್ಟೆಗೂ ಕಾಫಿ ಹೂವಿನ ವಾಸನೆ. ಹುಡುಗ ತಯಾರಾಗೇ ಬಂದಿದ್ದ. ಘಾತ 2 ಆದರೆ 3 ಬರುತ್ತೆ. 3 ಹಾಕಿದರೆ 7. 7 ಹಾಕಿದರೆ 127. 127 ಹಾಕಿದರೆ 39 ಅಂಕಿಯ ಸಂಖ್ಯೆ, ಅದನ್ನು ಅವಿಭಾಜ್ಯ ಅಂತ ಫ್ರೆಂಚ್ ಗಣಿತಜ್ಞ ಲೂಕಾಸ್ 1876ರಲ್ಲೇ ತೋರಿಸಿದ್ದಾನೆ. "ಎಲ್ಲೂ ತಪ್ಪಿಲ್ಲ ಅಲ್ವಾ ಸಾರ್?"

ತಪ್ಪಿಲ್ಲ. 11 ಹಾಕು ಅಂದೆ. 2047 ಬಂತು. 3, 7, 13, 17, 19, ಯಾವುದರಿಂದಲೂ ಹೋಗಲಿಲ್ಲ. ಮುಖ ಅರಳಿತು.

ಸುಮ್ನೆ ಎಲ್ಲದರಿಂದ ಭಾಗಿಸುತ್ತಾ ಕೂರಬೇಕಿಲ್ಲ. ಘಾತ 11 ಆದರೆ, ಉತ್ತರವನ್ನು ಒಡೆಯುವ ಅವಿಭಾಜ್ಯ ಯಾವುದೇ ಇರಲಿ, ಅದು 22ರ ಮಗ್ಗಿಗಿಂತ ಒಂದು ಜಾಸ್ತಿ ಇರಲೇಬೇಕು. 22ಕ್ಕೆ ಒಂದು ಸೇರಿಸಿದರೆ 23. ಭಾಗಿಸಿದ. 89 ಬಂತು, ಶೇಷ ಸೊನ್ನೆ. ಆ 89 ಕೂಡ ನಾಲ್ಕು 22ರ ಮೇಲೊಂದು.

ಎಲ್ಲರೂ ಎಡವುವುದು ಇಲ್ಲೇ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಘಾತ ಒಡೆದರೆ ಉತ್ತರವೂ ಒಡೆಯುತ್ತದೆ, ಖಂಡಿತ. ಘಾತ 15 ಆದರೆ 32767. ಅದರೊಳಗೆ 3ರಿಂದ ಬಂದ 7, 5ರಿಂದ ಬಂದ 31 ಎರಡೂ ಕೂತಿವೆ. ಆದರೆ ಘಾತ ಒಡೆಯದಿದ್ದರೆ ಉತ್ತರ ಒಡೆಯಬಹುದು, ಒಡೆಯದೆಯೂ ಇರಬಹುದು. ಪರೀಕ್ಷೆಗೆ ಕೂರಲು ಹಾಲ್ ಟಿಕೆಟ್ ಸಿಕ್ಕಿತು, ಅಷ್ಟೇ. ಪಾಸಾಗಿ ನಮಗೆ ಗೊತ್ತಾದವುಗಳ ಪೈಕಿ 2024ರದ್ದು ಬರೀ 52ನೆಯದು.

ಹುಡುಗನಿಗೆ ಇನ್ನೂ ಸಮಾಧಾನವಿಲ್ಲ. ಕಟ್ಟೆ ಮೇಲೆ ಕೂತಿದ್ದ ಅಪ್ಪ ಬಾಯಿ ಹಾಕಿದರು. "ಹೂಮಳೆ ಇಲ್ದೆ ಫಸಲಿಲ್ಲ ಕಣೋ. ಹಾಗಂತ ಹೂಮಳೆ ಬಂದ ವರ್ಷ ಎಲ್ಲಾ ಮೂಟೆ ತುಂಬ್ತವಾ?" ಇಷ್ಟು ವರ್ಷ ಪಾಠ ಮಾಡಿದ ನನಗೆ ಇದು ಹೊಳೆದೇ ಇರಲಿಲ್ಲ.

ಹುಡುಗನ ಸಂಖ್ಯೆ ಅವಿಭಾಜ್ಯ ಅಲ್ಲವೇ ಅಲ್ಲ ಅಂತ ನಾನು ಹೇಳುತ್ತಿಲ್ಲ. ಸಾಬೀತಾಗುವ ಮೊದಲೇ ದಾಖಲೆ ಅನ್ನಬೇಡಿ ಅಂತ ಮಾತ್ರ.

ವಾರ ಬಿಟ್ಟು ಫೋನ್ ಬಂತು. "ಸಾರ್, 13 ಹಾಕಿದರೆ 8191, ಅದು ಅವಿಭಾಜ್ಯ. ಈಗ 8191ನ್ನೇ ಹಾಕಿದರೆ?" ಅದು ಒಡೆಯುತ್ತೆ ಅಂತ 1953ರಲ್ಲೇ ಕಂಪ್ಯೂಟರ್ ತೋರಿಸಿದೆ. ನಾನು ಹೇಳಲಿಲ್ಲ. "16382ರ ಮಗ್ಗಿ ಹೇಳ್ತಾ ಒಂದೊಂದು ಸೇರಿಸಿ ಭಾಗಿಸು, ಲ್ಯಾಪ್‌ಟಾಪ್ ಇದೆಯಲ್ಲ" ಅಂದೆ. ಸಿಗುತ್ತೆ. ಮಗ್ಗಿಯ 2,06,44,229ನೇ ಸಾಲಿನಲ್ಲಿ.