ಅಲ್ಟ್ರಾಸೌಂಡ್ ಕೊಡುವಾಗ ಏನೂ ಗೊತ್ತಾಗುವುದಿಲ್ಲ, ಪವರ್ ಜಾಸ್ತಿ ಮಾಡಿಸಲೇ?

ಪ್ರಶ್ನೆ: ಆರು ತಿಂಗಳಿಂದ ಬಲಗಾಲಿನ ಹಿಮ್ಮಡಿ ನೋವು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಮೊಳೆ ತುಳಿದ ಹಾಗಾಗುತ್ತದೆ. ಫಿಸಿಯೋಥೆರಪಿಯಲ್ಲಿ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಕೊಡುತ್ತಿದ್ದಾರೆ. ಐದು ದಿನ ಆಯಿತು, ಕೊಡುವಾಗ ಏನೂ ಗೊತ್ತಾಗುವುದಿಲ್ಲ. ಪಕ್ಕದವರಿಗೆ ಕರೆಂಟ್ ಇಟ್ಟರೆ ಜುಮ್ ಎನ್ನುತ್ತದಂತೆ. ಪವರ್ ಜಾಸ್ತಿ ಮಾಡಿ ಎಂದು ಕೇಳಲೇ? ನನಗೆ 12 ವರ್ಷದಿಂದ ಶುಗರ್ ಇದೆ.

ಉತ್ತರ: ದಯವಿಟ್ಟು ಕೇಳಬೇಡಿ. ನೀವು ಕೊನೆಯಲ್ಲಿ ಬರೆದ ಶುಗರ್ ವಿಷಯವೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಅಲ್ಲಿಗೆ ಬರುವ ಮುಂಚೆ ಆ ಯಂತ್ರ ಏನು ಮಾಡುತ್ತದೆ ನೋಡೋಣ.

ಪಕ್ಕದವರಿಗೆ ಇಟ್ಟ ಕರೆಂಟ್ ನಿಜವಾಗಿಯೂ ಮೈಯೊಳಗೆ ಹರಿಯುತ್ತದೆ, ನರವನ್ನು ಕೆಣಕುತ್ತದೆ, ಅದಕ್ಕೇ ಜುಮ್ ಎನ್ನುವುದು. ಅಲ್ಟ್ರಾಸೌಂಡಿನಲ್ಲಿ ವಿದ್ಯುತ್ತು ಥೆರಪಿಸ್ಟ್ ಕೈಯಲ್ಲಿ ಹಿಡಿದು ಚರ್ಮದ ಮೇಲೆ ಆಡಿಸುವ ಯಂತ್ರದ ತಲೆಯೊಳಗೇ ನಿಂತುಬಿಡುತ್ತದೆ. ಅಲ್ಲಿರುವ ಹರಳು ವಿದ್ಯುತ್ತಿಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ. ಯಂತ್ರವನ್ನು 1 ಮೆಗಾಹರ್ಟ್ಜ್‌ಗೆ ಇಟ್ಟರೆ ಸೆಕೆಂಡಿಗೆ 10 ಲಕ್ಷ ಸಲ. ನಮ್ಮ ಕಿವಿಯ ಮಿತಿ ಸುಮಾರು 20 ಸಾವಿರ, ಹಾಗಾಗಿ ಸದ್ದೂ ಇಲ್ಲ. ಹರಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆ ಎಂದು 1880ರಲ್ಲಿ ತೋರಿಸಿದವರು ಕ್ಯೂರಿ ಸಹೋದರರು; ಇಲ್ಲಿ ನಡೆಯುವುದು ಅದರ ತಿರುವುಮುರುವು. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರೆಂಚ್ ಭೌತವಿಜ್ಞಾನಿ ಪಾಲ್ ಲಾಂಜೆವಿನ್ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಇಂಥ ಅಲೆಗಳನ್ನು ನೀರಿಗೆ ಬಿಟ್ಟಾಗ, ಅಡ್ಡ ಬಂದ ಮೀನುಗಳು ಸತ್ತವು. ಕೇಳಿಸದ ಈ ಶಬ್ದ ಜೀವಕೋಶವನ್ನು ಮುಟ್ಟಬಲ್ಲದು ಎಂದು ತಿಳಿದದ್ದು ಹಾಗೆ.

ಜೆಲ್ ಔಷಧಿಯಲ್ಲ. ಈ ಅಲೆ ಗಾಳಿಯನ್ನು ದಾಟಲಾರದು. ತಲೆಗೂ ಚರ್ಮಕ್ಕೂ ನಡುವೆ ತೆಳ್ಳನೆ ಗಾಳಿಯ ಪದರ ಉಳಿದರೂ ಹೆಚ್ಚುಕಡಿಮೆ ಪೂರ್ತಿ ವಾಪಸಾಗುತ್ತದೆ. ಜೆಲ್ ಆ ಸಂದನ್ನು ತುಂಬುತ್ತದೆ, ಅಷ್ಟೇ. ತಲೆಯನ್ನು ಸುತ್ತಾಡಿಸುವುದೂ ಮಸಾಜ್ ಅಲ್ಲ. ಅಲೆಯ ಜೋರು ಎಲ್ಲೆಡೆ ಒಂದೇ ಸಮ ಇರುವುದಿಲ್ಲ, ಒಂದೇ ಕಡೆ ನಿಲ್ಲಿಸಿದರೆ ಅಲ್ಲಿ ಸುಡಬಹುದು.

ಒಳಗೆ ಹೋದ ಅಲೆಯನ್ನು ಕೊಬ್ಬು ಅಷ್ಟಾಗಿ ಹೀರುವುದಿಲ್ಲ. ಕೊಲಾಜೆನ್ ಎಂಬ ಪ್ರೋಟೀನ್ ತುಂಬಿದ ತಂತುಗಳು, ಅಂದರೆ ಸ್ನಾಯುರಜ್ಜು (ಟೆಂಡನ್), ಅಸ್ಥಿರಜ್ಜು (ಲಿಗಮೆಂಟ್), ನಿಮ್ಮ ಅಂಗಾಲಿನಲ್ಲಿ ಹಿಮ್ಮಡಿಯಿಂದ ಬೆರಳಿನವರೆಗೆ ಹಾಸಿರುವ ಆ ಗಟ್ಟಿ ಪಟ್ಟಿ, ಚೆನ್ನಾಗಿ ಹೀರುತ್ತವೆ. ಹೀರಿದ್ದು ಶಾಖವಾಗುತ್ತದೆ. ಚದರ ಸೆಂಟಿಮೀಟರಿಗೆ 1 ವ್ಯಾಟ್‌ನಂತೆ ಬಿಡದೆ ಕೊಟ್ಟರೆ 1 ಮೆಗಾಹರ್ಟ್ಜ್‌ನಲ್ಲಿ ನಿಮಿಷಕ್ಕೆ ಸುಮಾರು 0.2 ಡಿಗ್ರಿ, 3 ಮೆಗಾಹರ್ಟ್ಜ್‌ನಲ್ಲಿ ಸುಮಾರು 0.6 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಮೊದಲನೆಯದು ಆಳಕ್ಕೆ, ಎರಡನೆಯದು ಮೇಲುಪದರಕ್ಕೆ. ಇಷ್ಟು ನಿಧಾನವಾಗಿ ಏರುವ ಶಾಖ ಗೊತ್ತಾಗದಿರುವುದು ಸಹಜ. ಹೆಚ್ಚೆಂದರೆ ಹಿತವಾದ ಬಿಸುಪು. ಬಿಟ್ಟು ಬಿಟ್ಟು ಕೊಡುವ ವಿಧಾನದಲ್ಲಿ ಅದೂ ಇರುವುದಿಲ್ಲ. ಒಳಗೆಲ್ಲೋ ಮೂಳೆ ಹಿಂಡಿದಂತೆ ನೋವು ಬಂದರೆ ಮಾತ್ರ ಅದು ಅಪಾಯದ ಸೂಚನೆ. ಮೂಳೆಗೆ ಬಡಿದ ಅಲೆ ಅದರ ಮೇಲಿನ ಪೊರೆಯನ್ನು ಕಾಯಿಸುತ್ತಿದೆ ಎಂದರ್ಥ, ತಕ್ಷಣ ಹೇಳಬೇಕು.

ಶುಗರ್ ವಿಷಯ ಬರುವುದು ಇಲ್ಲೇ. ವರ್ಷಗಟ್ಟಲೆ ಸಕ್ಕರೆ ಕಾಯಿಲೆ ಇದ್ದವರಲ್ಲಿ ಅನೇಕರ ಪಾದದ ನರಗಳು ಮಂಕಾಗಿರುತ್ತವೆ. ಮಿಕ್ಕವರು "ಅಯ್ಯೋ, ಬಿಸಿ" ಎಂದು ಕಾಲು ಎಳೆದುಕೊಳ್ಳುವ ಹೊತ್ತಿನಲ್ಲಿ ನಿಮಗೆ ಏನೂ ಅನ್ನಿಸದೇ ಹೋಗಬಹುದು. ಹಾಗಾಗಿ ನಿಮ್ಮ "ಗೊತ್ತಾಗುವುದಿಲ್ಲ" ಎನ್ನುವುದಕ್ಕೆ ಎರಡು ಅರ್ಥ ಸಾಧ್ಯ. ಇನ್ನೊಮ್ಮೆ ಯಂತ್ರದ ತಲೆ ಇಡಿಸಿಕೊಳ್ಳುವ ಮುಂಚೆ ಪಾದದ ಸ್ಪರ್ಶ, ಬಿಸಿ-ತಣ್ಣಗಿನ ಅರಿವು ಪರೀಕ್ಷಿಸಲು ಕೇಳಿ. ಅರಿವು ಕಡಿಮೆ ಇದ್ದರೆ ಶಾಖ ಕೊಡುವ ಅಲ್ಟ್ರಾಸೌಂಡ್ ನಿಮಗೆ ಬೇಡ. ಕ್ಯಾನ್ಸರ್ ಗಡ್ಡೆಯ ಮೇಲೆ, ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಕಡೆ, ಗರ್ಭಿಣಿಯರ ಹೊಟ್ಟೆ-ಸೊಂಟದ ಭಾಗಕ್ಕೂ ಇದನ್ನು ಕೊಡುವುದಿಲ್ಲ.

ಇದರಿಂದ ನೋವು ಹೋಗುತ್ತದೆಯೇ? ಇಷ್ಟು ವರ್ಷಗಳ ಬಳಕೆಗೆ ತಕ್ಕ ಆಧಾರ ಸಿಕ್ಕಿಲ್ಲ ಎಂದೇ ಹೇಳಬೇಕು. ಭುಜದ ಸ್ನಾಯುರಜ್ಜುವಿನಲ್ಲಿ ಸುಣ್ಣ ಕಟ್ಟಿದವರಿಗೆ ಸ್ವಲ್ಪ ಕಾಲ ಉಪಯೋಗವಾದದ್ದು 1999ರ ಒಂದು ಅಧ್ಯಯನದಲ್ಲಿ ಕಂಡಿತ್ತು. ಆದರೆ ನಿಮ್ಮದೇ ತೊಂದರೆಯ ಬಗ್ಗೆ 2018ರಲ್ಲಿ ಪ್ರಕಟವಾದ ಇಸ್ರೇಲಿನ ಅಧ್ಯಯನದಲ್ಲಿ, 54 ಜನರೂ ಸ್ಟ್ರೆಚಿಂಗ್ ಮಾಡಿದರು, ಸುಮಾರು ಅರ್ಧ ಜನರಿಗೆ ನಿಜವಾದ ಅಲ್ಟ್ರಾಸೌಂಡ್, ಉಳಿದವರಿಗೆ ತೋರಿಕೆಯದು. ಎರಡೂ ಗುಂಪಿಗೆ ಗುಣ ಕಂಡಿತು, ಅಲ್ಟ್ರಾಸೌಂಡಿನಿಂದ ಹೆಚ್ಚುವರಿ ಲಾಭವೇನೂ ಕಾಣಲಿಲ್ಲ. ಬೆನ್ನುನೋವಿಗೆ ಇದನ್ನು ಕೊಡಬೇಡಿ ಎಂದು ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2016ರಲ್ಲೇ ಸೂಚಿಸಿದೆ.

ಆದ್ದರಿಂದ ಹತ್ತು ಸಿಟ್ಟಿಂಗಿನ ದುಡ್ಡನ್ನು ಬರೀ ಯಂತ್ರಕ್ಕೆ ಹಾಕಬೇಡಿ; ವ್ಯಾಯಾಮ ಹೇಳಿಕೊಡಿ ಎಂದು ಕೇಳಿ. ಒಂದನ್ನು ನಾಳೆ ಬೆಳಿಗ್ಗೆಯೇ ಶುರುಮಾಡಬಹುದು. ಹಾಸಿಗೆಯಿಂದ ಇಳಿಯುವ ಮುಂಚೆ ನೋವಿನ ಕಾಲನ್ನು ಇನ್ನೊಂದು ಮಂಡಿಯ ಮೇಲೆ ಹಾಕಿಕೊಂಡು, ಕೈಯಿಂದ ಕಾಲ್ಬೆರಳುಗಳನ್ನು ಮೊಣಕಾಲ ಕಡೆಗೆ ಎಳೆಯಿರಿ. ಅಂಗಾಲಿನ ಪಟ್ಟಿ ಬಿಗಿಯುವುದು ಇನ್ನೊಂದು ಕೈಯ ಹೆಬ್ಬೆರಳಿಂದ ಮುಟ್ಟಿದರೆ ಸಿಗುತ್ತದೆ. ಹತ್ತು ಎಣಿಸುವವರೆಗೆ ಹಿಡಿದು ಬಿಡಿ, ಹೀಗೆ ಹತ್ತು ಸಲ. ಆಮೇಲೆ ಕಾಲು ನೆಲಕ್ಕಿಡಿ, ಅದೂ ಬರಿಗಾಲಲ್ಲಿ ಟೈಲ್ಸ್ ಮೇಲಲ್ಲ; ಮಂಚದ ಪಕ್ಕದಲ್ಲೇ ಒಂದು ಜೊತೆ ಮೆತ್ತನೆಯ ಚಪ್ಪಲಿ ಇಟ್ಟುಕೊಳ್ಳಿ.